ಗಲ್ಲು ಎಂದ ಮೇಲೆ

ಧಾರವಾಡದ ಹೈಕೋರ್ಟ್ ಪೀಠದಿಂದ ಬಂದ ಆದೇಶವನ್ನು ಸಾಹೇಬರು ನನ್ನ ಮೇಜಿನ ಮೇಲಿಟ್ಟು, "ಅಂಕೋಲೆ ಕಡೆಯ ಮನುಷ್ಯ. ನಿಮ್ಮ ತಾಲೂಕು, ನೀವೇ ನೋಡಿ" ಎಂದರು. ಕಾರವಾರದ ಸೆಷನ್ಸ್ ಕೋರ್ಟು ಆ ಮನುಷ್ಯನಿಗೆ ಗಲ್ಲು ವಿಧಿಸಿತ್ತು. ಕೆಳಗಿನ ಕೋರ್ಟು ಗಲ್ಲು ಎಂದ ಮಾತ್ರಕ್ಕೆ ಯಾರನ್ನೂ ನೇಣಿಗೆ ಹಾಕುವಂತಿಲ್ಲ. ಹೈಕೋರ್ಟು ಅದನ್ನು ದೃಢಪಡಿಸಬೇಕು. ಅದಕ್ಕೆ ಮೊದಲು ನ್ಯಾಯಮೂರ್ತಿಗಳು ಕೆಲವು ಪ್ರಶ್ನೆ ಕೇಳಿದ್ದರು: ಇವನು ಹೇಗೆ ಬೆಳೆದ, ಸುಧಾರಿಸುವ ಸಾಧ್ಯತೆ ಉಂಟೇ, ಹೊರಗೆ ಇವನವರು ಎನ್ನುವವರು ಯಾರಾದರೂ ಇದ್ದಾರೆಯೇ. ಮನೆಮನೆಗೆ ಹೋಗಿ ವಿಚಾರಿಸಿ ವರದಿ ಕಳಿಸುವುದು ಪ್ರೊಬೇಷನ್ ಆಫೀಸರ್ ಎಂಬ ಪರಿವೀಕ್ಷಣಾಧಿಕಾರಿಯ ಕೆಲಸ. ಅದು ನಾನು.

ಆ ಕೇಸು ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇರಲಿಲ್ಲ. ಗಣೇಶ ಚವತಿಗೆ ಮೊದಲು ಕಾರವಾರದ ಪಕ್ಕದ ಬಿಣಗಾದ ಒಂದು ಮನೆಗೆ ಬಣ್ಣ ಹೊಡೆಯಲು ಬಂದವನು ಬಂಗಾರ ಇಟ್ಟ ಕಪಾಟು ಎಲ್ಲಿದೆ ಎಂದು ನೋಡಿಟ್ಟುಕೊಂಡಿದ್ದ. ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ ಮತ್ತೆ ಬಂದ. ಆ ಮನೆಯ ಯಜಮಾನರು ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದರು. ಮನೆಯಲ್ಲಿದ್ದದ್ದು ಅವರ ಹೆಂಡತಿ ಮತ್ತು ತಾಯಿ. ಇಬ್ಬರೂ ಉಳಿಯಲಿಲ್ಲ. ಶಿಕ್ಷೆ ಆದ ದಿನ ಪಟಾಕಿ ಹೊಡೆದರು. "ಆಗಬೇಕಾದ್ದೇ ಆಯ್ತು" ಎಂದವರಲ್ಲಿ ನಾನೂ ಒಬ್ಬಳು. ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವ ನಾನು ಆ ಕೊಲೆಯಾದ ವಾರವೇ ಬಾಗಿಲಿಗೆ ಎರಡನೆಯ ಚಿಲಕ ಹಾಕಿಸಿದ್ದೆ. ಗಲ್ಲಿನ ತೀರ್ಪು ಬಂದ ಮೇಲೂ ಅದನ್ನು ಹಾಕಿಕೊಂಡೇ ಮಲಗುತ್ತಿದ್ದೆ.

"ಎರಡು ಪುಟ ಸಾಕು," ಎಂದರು ಸಾಹೇಬರು. "ಮನೆಯವರ ಸಂಪರ್ಕ ಇಲ್ಲ, ಊರವರ ಅಭಿಪ್ರಾಯ ವಿರುದ್ಧ. ಇದಕ್ಕೆ ಬೆಳಗಾವಿಗೆಲ್ಲ ಹೋಗಬೇಕು ಅಂತಿಲ್ಲ."

ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಮೊದಲು ತಂದವಳು ನಾನು. ಅಂಕೋಲೆ ಪೇಟೆಯಲ್ಲಿ ಬಸಳೆ, ಹರಿವೆಯ ಬುಟ್ಟಿ ಇಟ್ಟುಕೊಂಡು ಕೂತು ಹೆತ್ತ ಆಯಿ ನನ್ನನ್ನು ಓದಿಸಿದ್ದು. ಹೋಗದ ಮನೆಗೆ ಹೋದೆ ಎಂದು ಬರೆಯುವುದಕ್ಕೆ ಅಲ್ಲ. ಸಾಹೇಬರ ಹತ್ತಿರ ಪ್ರಯಾಣದ ಅನುಮತಿ ಕೇಳಿದೆ, ಕೊಟ್ಟರು.

ಬೆಳಗಾವಿ ಜೈಲಿನಲ್ಲಿ ಅವನನ್ನು ಕಂಡಾಗ ನನಗೆ ಮೊದಲು ಬಂದದ್ದು ಸಿಟ್ಟು. ಎಷ್ಟು ಸಾಮಾನ್ಯ ಮುಖ! ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಇಂಥ ಮುಖಗಳು ದಿನವೂ ಕಾಣುತ್ತವೆ. ಅವನು ಏನನ್ನೂ ಅಲ್ಲಗಳೆಯಲಿಲ್ಲ.

"ಮಾಡಿದ್ದು ನಾನೇ ಅಕ್ಕೋರೆ. ಬ್ಯಾರೆಯವ್ರ ಹೆಸ್ರು ಹೇಳೂಕೆ ಇಲ್ಲ. ಬಣ್ಣ ಹೊಡೂವಾಗ ಆ ಅಜ್ಜಿ ದಿನಾ ಚಾ ಕೊಡ್ತಿತ್ತು."

ಮುಂದಿನದಕ್ಕೆ ನಾನು ಒತ್ತಾಯಿಸಲಿಲ್ಲ. ನಿಧಾನಕ್ಕೆ ಹಿಂದಕ್ಕೆ ಹೋದೆ: ತಾಯಿ ಯಾವಾಗ ತೀರಿದಳು, ಶಾಲೆ ಎಲ್ಲಿಗೆ ನಿಂತಿತು, ಕುಡಿತ ಎಲ್ಲಿ ಶುರುವಾಯಿತು. ತಾಯಿ ಹೋದಾಗ ಇವನು ಇನ್ನೂ ಅಂಬೆಗಾಲಿನ ಕೂಸು. ಎತ್ತಿ ಬೆಳೆಸಿದವಳು ಅಕ್ಕ. ಅವಳು ಮದುವೆಯಾಗಿ ಭಾವಿಕೇರಿಗೆ ಹೋದ ಮೇಲೆ ಇವನು ಶಾಲೆ ಬಿಟ್ಟು ಗೋವೆಗೆ ಬಣ್ಣದ ಕೆಲಸಕ್ಕೆ ಹೋದ. ಕುಡಿತ ಶುರುವಾದದ್ದು ಅಲ್ಲಿ.

"ಕೇಸು ನಡೆಯುವಾಗ ಮನೆಯವರು ಬರುತ್ತಿದ್ದರಲ್ಲ?"

"ಅಕ್ಕ ಬರ್ತಿತ್ತು. ಗಲ್ಲು ಅಂದ ಮೇಲೆ ಯಾರೂ ಬರ್ಲಿಲ್ಲ." ಉಗುರಿಗೆ ಹತ್ತಿದ ಬಣ್ಣ ಕೆರೆಯುತ್ತ ಅಂದ: "ಅಕ್ಕ ಸತ್ತೋಯ್ತು ಕಾಣ್ತದೆ."

"ಯಾರು ಹೇಳಿದರು?"

"ಯಾರೂ ಹೇಳಿಲ್ಲ. ಇದ್ದಿದ್ರೆ ಬರ್ದೆ ಇರ್ತಿರ್ಲಿಲ್ಲ."

ಜೈಲಿನ ದಾಖಲೆಯೂ ಅದನ್ನೇ ಹೇಳುತ್ತಿತ್ತು. ಶಿಕ್ಷೆಯ ನಂತರ ಭೇಟಿಗೆ ಒಬ್ಬರೂ ಬಂದಿರಲಿಲ್ಲ. ಅವನ ಪರವಾಗಿ ಹೈಕೋರ್ಟಿನಲ್ಲಿ ನಿಂತಿದ್ದ ಕಾನೂನು ನೆರವಿನ ವಕೀಲರು ಫೋನಿನಲ್ಲಿ ಅದೇ ಚಿಂತೆ ಹೇಳಿಕೊಂಡರು. "ಸರ್ಕಾರಿ ವಕೀಲರು ಅದನ್ನೇ ಹಿಡಿದಿದ್ದಾರೆ ಮೇಡಂ. ಹೆತ್ತ ಮನೆಯೇ ಕೈಬಿಟ್ಟವನನ್ನು ಸಮಾಜ ಯಾಕೆ ಉಳಿಸಿಕೊಳ್ಳಬೇಕು ಅಂತಾರೆ. ಮನೆಯವರೊಬ್ಬರು ಇವನು ನಮ್ಮವನು ಅನ್ನಬೇಕು. ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ."

ಅಗಸೂರಿನಲ್ಲಿ ಅವನ ಅಣ್ಣ ಅಂಗಳದಲ್ಲಿ ಹುಲ್ಲು ಒಟ್ಟುತ್ತಿದ್ದರು. ಯಾರ ವಿಷಯಕ್ಕೆ ಬಂದೆ ಎಂದು ಹೇಳಿದೆ. ಅವರು ಹುಲ್ಲಿನ ಕಟ್ಟು ಕೆಳಗಿಡಲೂ ಇಲ್ಲ.

"ಅಂವ ತೀರ್ಕಂಡ ಮೇಡಂ. ನಾನೇ ಬೆಂಕಿ ಕೊಟ್ಟೆ."

"ಮೊನ್ನೆ ಬೆಳಗಾವಿಯಲ್ಲಿ ಮಾತಾಡಿಸಿ ಬಂದಿದ್ದೇನೆ."

ಅವರ ಕಣ್ಣು ಮನೆಯ ಒಳಗಡೆಗೆ ಹೋಯಿತು. "ಸಣ್ಣಕೆ ಮಾತಾಡಿ. ಒಳಗೆ ಹೆಂಗಸ್ರು, ಹುಡ್ರು ಇದ್ದಾರೆ."

ತೆಂಗಿನ ಬುಡಕ್ಕೆ ಹೋಗಿ ನಿಂತೆವು. ಅವರು ಹೇಳಿದ್ದನ್ನು ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಳ್ಳಬೇಕಾಯಿತು. ಕೋರ್ಟಿನಲ್ಲಿ ತೀರ್ಪು ಹೇಳಿದ ದಿನ ಅವರು ಕೆಲಸ ಬಿಟ್ಟು ಹೋಗಲಾಗಿರಲಿಲ್ಲ. ಟಿವಿಯಲ್ಲಿ ನೋಡಿದರು. "ಗಲ್ಲು" ಎಂದು ದೊಡ್ಡ ಅಕ್ಷರದಲ್ಲಿ ಬಂತು, ಕೆಳಗೆ ತಮ್ಮನ ಫೋಟೋ. ಮರುದಿನ ಬೆಳಗಾಗುವುದರೊಳಗೆ ಹಾಕಿಬಿಡುತ್ತಾರೆ ಎಂದುಕೊಂಡರು. ಹೆಣ ಬರುತ್ತದೆಂದು ಕಾದರು. ಬರಲಿಲ್ಲ. ಅಂಕೋಲೆಯಲ್ಲಿ ಯಾರನ್ನೋ ಕೇಳಿದಾಗ, "ಗಲ್ಲಾದವ್ರ ಹೆಣ ಕೊಡೂದಿಲ್ಲ, ಜೈಲಿನವ್ರೇ ಸುಡ್ತ್ರು" ಎಂದರಂತೆ.

"ಹೆಣ ಸಿಗ್ದವ್ರಿಗೆ ಮಾಡೂದು ಒಂದು ಕ್ರಮ ಅದೆಯಲ್ಲ ನಮ್ಮಲ್ಲಿ. ಅದೇ ಮಾಡ್ದೆ. ಅಂವ ಪಿಶಾಚಿ ಆಗಿ ತಿರುಗೂದು ಬ್ಯಾಡ ಅಂತ."

ಆ ಕ್ರಮ ನನಗೆ ಗೊತ್ತು. ಗಂಗಾವಳಿಯ ನೆರೆಯಲ್ಲಿ ತೇಲಿಹೋದ ನನ್ನ ದೊಡ್ಡಪ್ಪನಿಗೂ ಹೀಗೇ ಹುಲ್ಲಿನ ಹೆಣ ಕಟ್ಟಿ, ತಲೆಯ ಜಾಗಕ್ಕೆ ತೆಂಗಿನಕಾಯಿ ಇಟ್ಟು, ಹೊಳೆಯ ದಂಡೆಯಲ್ಲಿ ಸುಟ್ಟಿದ್ದರು. ಹೊಳೆಗೆ ಹೋದವರಿಗೆ, ಸಮುದ್ರಕ್ಕೆ ಹೋದವರಿಗೆ ಮಾಡುವುದು. ಈ ಅಣ್ಣ ಅದನ್ನೇ ಅಗಸೂರಿನ ಹೊಳೆಯ ದಂಡೆಯಲ್ಲಿ ಜೈಲಿಗೆ ಹೋದವನಿಗೆ ಮಾಡಿದ್ದರು. ಹನ್ನೆರಡನೆಯ ದಿನದ ಊಟ ಹಾಕಿದ್ದರು. ಅದಾಗಿ ಎಷ್ಟೋ ದಿನಕ್ಕೆ ಕಾನೂನು ನೆರವಿನವರಿಂದ ಕಾಗದ ಬಂತು, ನಿಮ್ಮ ತಮ್ಮನ ಮೇಲ್ಮನವಿ ದಾಖಲಾಗಿದೆ ಎಂದು. ಓದಿಸಿಕೊಂಡು ಕೇಳಿ ಅಲ್ಲೇ ಕೂತರಂತೆ.

"ಹಾಗಾದರೆ ಆಮೇಲಾದರೂ ಯಾಕೆ ಹೋಗಲಿಲ್ಲ?"

"ಬೆಂಕಿ ಕೊಟ್ಟವ್ರ ಮೋರೆ ಮತ್ತೆ ಕಾಣೂಕಾಗ್ತದಾ? ಕಂಡ್ರೆ ಅಂವಾದ್ರೂ ಸಾಯ್ಬೇಕು, ಮನೆಯವ್ರು ಒಬ್ರಾದ್ರೂ ಸಾಯ್ಬೇಕು. ಗೌಡ್ರನ್ನ ಕೇಳಿ, ಅವ್ರೇ ಹೇಳಿದ್ದು."

ಊರಗೌಡರ ಮನೆಗೂ ಹೋದೆ. ವಯಸ್ಸಾದವರು, ಎಲೆಯಡಿಕೆ ಜಗಿಯುತ್ತ ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ: "ಬದುಕಿದ್ದಾನೋ ಇಲ್ಲವೋ ಅಂತ ವಿಚಾರಿಸದೆ ಇಂಥದ್ದು ಮಾಡಿಸುವುದಾ ಗೌಡ್ರೇ?"

"ನಮ್ಮಲ್ಲಿ ನಾಲ್ಕು ಜನ ಕೂತು ಒಂದು ಮಾತು ಹೇಳಿದ್ರೆ ಅದು ಆದ ಹಂಗೆ. ನಿಮ್ಮ ಕೋರ್ಟಲ್ಲಿ ಗಲ್ಲು ಅಂದ್ರೆ ಇನ್ನೂ ಮಾತುಕತೆ ಅದೆ ಅಂತ ಅರ್ಥವಾ? ಹಂಗಿದ್ರೆ ಟಿವಿಲಿ ಹಂಗೇ ಹೇಳೂಕೆ ಎಂತ ಆಗಿತ್ತು ಅವ್ರಿಗೆ?"

ಇದನ್ನು ಬಿಡಿಸುವ ದಾರಿ ಏನು ಎಂದೆ.

"ಹೊಳಿಗೆ ಹೋದಂವ ತಿರ್ಗಿ ಬಂದದ್ದು ನಾ ಕಂಡಿಲ್ಲ. ಹಿರಿಯರೂ ಹೇಳಿಲ್ಲ." ಎದ್ದು ಹೋಗಿ ಎಲೆ ಉಗುಳಿ ಬಂದರು. "ಯಾರಾರೂ ಒಬ್ರು ಮೊದ್ಲು ಮೋರೆ ಕಾಣ್ಬೇಕು. ಬರೂದು ಬಂದ್ರೆ ಅವ್ರ ಮೇಲೆ ಬರ್ಲಿ. ಯಾರು ಒಪ್ತ್ರು ಹೇಳು ತಂಗಿ? ನಿನ್ನ ಕೋರ್ಟಿನವ್ರು ಒಪ್ತ್ರಾ?"

ಭಾವಿಕೇರಿಯಲ್ಲಿ ಅಕ್ಕ ಗೆಣಸಿನ ಬಳ್ಳಿಗೆ ಮಣ್ಣು ಏರಿಸುತ್ತಿದ್ದಳು. ನಾನು ಯಾರು ಎಂದು ತಿಳಿದೊಡನೆ ಕೈಕಾಲು ತೊಳೆದು ಬಂದು ಜಗುಲಿಯ ಅಂಚಿಗೆ ಕೂತಳು. ಒಳಗೆ ಚೊಚ್ಚಲ ಬಸುರಿ ಮಗಳು ಹೆರಿಗೆಗೆ ಬಂದಿದ್ದಳು. ಎಂಟನೆಯ ತಿಂಗಳು ನಡೆಯುತ್ತಿತ್ತು. ಇವಳು ಜೈಲಿಗೆ ಯಾಕೆ ಹೋಗಲಿಲ್ಲ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ.

"ಅಂವ ಊಟ ಮಾಡ್ತ್ನಾ?" ಎಂದು ಕೇಳಿದಳು.

"ಮಾಡುತ್ತಾನೆ. ಜೈಲಿನಲ್ಲಿ ಗೋಡೆಗೆ ಬಣ್ಣ ಹೊಡೆಯುವ ಕೆಲಸ ಕೊಟ್ಟಿದ್ದಾರೆ."

"ನಾ ಹೋದ್ರೆ ಅಂವ ಉಳಿತ್ನಾ?"

ಸುಳ್ಳು ಹೇಳುವುದು ಸುಲಭವಿತ್ತು. "ಗೊತ್ತಿಲ್ಲ," ಎಂದೆ. "ನೀವು ಹೋದರೂ ಗಲ್ಲು ಖಾಯಂ ಆಗಬಹುದು. ಹೋಗದಿದ್ದರೆ ಕೋರ್ಟಿಗೆ, ಅವನಿಗೆ ಯಾರೂ ಇಲ್ಲ ಅಂತಲೇ ತಿಳಿಯುತ್ತದೆ."

"ಇದ್ರ ಹೊಟ್ಟೆಲಿ ಇರೂದಕ್ಕೆ ಏನಾರೂ ಆದ್ರೆ?" ಒಳಗಿದ್ದ ಮಗಳ ಕಡೆ ಕೈ ತೋರಿಸಿದಳು. "ನನ್ನ ಮಗಳು ಜನ್ಮ ಇರೂವರೆಗೆ ನನ್ನ ಮೋರೆ ಕಾಣೂದಿಲ್ಲ."

ಅದು ಹಾಗೆಲ್ಲ ಆಗುವುದಿಲ್ಲ ಎಂದು ಹೇಳಬಹುದಿತ್ತು. ಓದಿದವಳು ಹೇಳಬೇಕಾದ ಮಾತೇ ಅದು. ಆದರೆ ಏನಾದರೂ ಆದರೆ ಆ ಮನೆಯಲ್ಲಿ ಇರಬೇಕಾದವಳು ನಾನಲ್ಲ. ಹೊರಡುವಾಗ ಒಂದು ಮಾತು ಹೇಳಿದೆ, ಹೇಳಬೇಕೋ ಬೇಡವೋ ಎಂದು ಮೆಟ್ಟಿಲಿಳಿಯುವವರೆಗೂ ತೂಗಿದ ಮಾತು: "ನೀವು ಸತ್ತಿದ್ದೀರಿ ಅಂತ ಅವನು ತಿಳಿದುಕೊಂಡಿದ್ದಾನೆ."

ತಿರುಗಿ ನೋಡಿದಾಗ ಜಗುಲಿಯ ಮೇಲೆ ಹಾಗೇ ಕೂತಿದ್ದಳು.

ಬಿಣಗಾಕ್ಕೆ ಹೋಗು ಎಂದು ಆದೇಶದಲ್ಲಿ ಇರಲಿಲ್ಲ. ಊರವರ ಅಭಿಪ್ರಾಯ ಎಂದು ಬರೆಯುವಾಗ, ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರನ್ನು ಬಿಟ್ಟು ಬರೆಯುವುದು ನನಗೆ ಸರಿ ಕಾಣಲಿಲ್ಲ. ಹೆದ್ದಾರಿಯ ಪಕ್ಕದ ಓಣಿ. ಯಜಮಾನರು ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದಿದ್ದರು. ಗ್ರಿಲ್ಲಿನ ಒಳಗಿಂದಲೇ ಮಾತಾಡಿದರು.

"ಅಂವನ ಪರ ಬಂದಿರಾ ಬಾಯಿಯೋರೆ?"

"ಯಾರ ಪರವೂ ಅಲ್ಲ. ಕೋರ್ಟಿಗೆ ವರದಿ ಬರೆಯಬೇಕು."

"ಅಂವನ ಮನೆಗೆ ಹೋಗಿದ್ರಾ?"

"ಹೋಗಿದ್ದೆ."

"ಹಾಂ. ಅಲ್ಲಿ ಮೊದ್ಲು ಹೋಗಿ, ಇಲ್ಲಿ ಆಮೇಲೆ." ಗ್ರಿಲ್ಲಿನ ಬೀಗ ತೆಗೆಯಲು ಬಹಳ ಹೊತ್ತು ಹಿಡಿಯಿತು. ತೆಗೆದರು, ಆದರೆ ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತರು.

"ಯಾವಾಗ ಹಾಕ್ತಾರೆ ಅಂವಗೆ?"

ನಾನು ವಿವರಿಸಿದೆ. ಈಗ ಹೈಕೋರ್ಟು. ಅಲ್ಲಿ ಖಾಯಂ ಆದರೆ ಸುಪ್ರೀಂ ಕೋರ್ಟು. ಆಮೇಲೆ ಮರುಪರಿಶೀಲನೆ. ಆಮೇಲೆ ರಾಜ್ಯಪಾಲರಿಗೆ, ರಾಷ್ಟ್ರಪತಿಗಳಿಗೆ ದಯಾ ಅರ್ಜಿ. ಪ್ರತಿ ಹೆಜ್ಜೆಗೂ ವರ್ಷಗಳು ಹಿಡಿಯಬಹುದು. ನಾನು ಹೇಳುತ್ತ ಹೋದಂತೆ ಅವರ ಮುಖ ಬಿಗಿಯುತ್ತ ಹೋಯಿತು.

"ನಾ ಪೇಡೆ ಹಂಚಿದೆ ಬಾಯಿಯೋರೆ. ಈ ಓಣಿಗೆಲ್ಲ. ಮುಗೀತು ಅಂದ್ಕಂಡು. ಇನ್ ಮುಂದೆ ಯಾರಿಗೂ ಧೈರ್ಯ ಬರೂದಿಲ್ಲ ಅಂದ್ರು ಎಲ್ಲ. ಆ ತಿಂಗಳೇ ಹಿಂದಿನ ಓಣಿಲಿ ಒಬ್ಳ ಸರ ಹರಕಂಡು ಹೋದ್ರು. ಆಮೇಲೆ ಕೋರ್ಟಿನ ನೋಟೀಸು ಬರೂಕೆ ಶುರು. ಪೊಲೀಸ್ ಜೀಪು ಬಂದು ನಿಲ್ತದೆ, ಓಣಿಯೆಲ್ಲ ಹೊರಗೆ ಬರ್ತದೆ. ಒಂದೊಂದು ಸಲ ಜೀಪು ಬಂದಾಗ್ಲೂ ನಂಗೆ ಅವತ್ತಿನ ದಿನ ಮತ್ತೆ ಮೊದ್ಲಿಂದ."

"ಹಾಗಾದರೆ ಜೀವಾವಧಿ ಆಗಿ ಇಲ್ಲಿಗೇ ಮುಗಿದರೆ..."

"ನಾ ಹಂಗೆ ಹೇಳಿಲ್ಲ!" ಅವರ ಕೂಗಿಗೆ ಎದುರು ಮನೆಯ ಕಿಟಕಿ ತೆರೆಯಿತು. "ಗಲ್ಲೇ ಬೇಕು. ನನ್ನ ಬಾಯಲ್ಲಿ ಬ್ಯಾರೆ ಮಾತು ತುರುಕ್ಬ್ಯಾಡಿ. ಬೇಗ ಆಗೂದಿಲ್ಲ ಅಂತಿದ್ರೆ ಮೊದ್ಲೇ ಹೇಳ್ಬೇಕಿತ್ತು. ನಂಗೆ ಯಾರೂ ಹೇಳ್ಲಿಲ್ಲ."

ಹೊಳೆಯ ದಂಡೆಯಲ್ಲಿ ಹುಲ್ಲು ಸುಟ್ಟವರು, ಇಲ್ಲಿ ಪೇಡೆ ಹಂಚಿದವರು. ಇಬ್ಬರಿಗೂ ಅದೇ ದಿನ, ಅದೇ ಟಿವಿ, ಅದೇ ಒಂದು ಪದ. ಇಬ್ಬರಿಗೂ ಅದು ಮುಗಿದಿತ್ತು. ಮುಗಿದಿಲ್ಲ ಎಂದು ಇಬ್ಬರ ಮನೆಯ ಬಾಗಿಲಿಗೂ ಹೋಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಕರಡನ್ನು ಓದಿದ ಸಾಹೇಬರು ಪೆನ್ನು ಎತ್ತಿದರು. "ಈ ಹುಲ್ಲಿನ ಹೆಣದ ಕತೆ ತೆಗೀರಿ. ಮೂಢನಂಬಿಕೆ. ಹೈಕೋರ್ಟಿಗೆ ಇದನ್ನೆಲ್ಲ ಕಳಿಸಿದರೆ ನಮ್ಮ ಮೇಲೆ ನಗುತ್ತಾರೆ." ವಕೀಲರು ಫೋನಿನಲ್ಲಿ ಬೇರೆಯದೇ ಹೇಳಿದರು: "ಅದು ಇರಲಿ ಮೇಡಂ, ಒಳ್ಳೆಯದೇ. ಆದರೆ ಗಲ್ಲೇ ಬೇಕು ಅನ್ನುವ ಮಾತು ಯಾಕೆ? ನಿಮ್ಮನ್ನು ಕೇಳಿಲ್ಲವಲ್ಲ." ಸಾಹೇಬರದು ತೆಗೆದರೆ ವರದಿ ಎರಡು ಪುಟಕ್ಕೆ ಬರುತ್ತಿತ್ತು. ವಕೀಲರದು ತೆಗೆದರೆ ಅವನು ಉಳಿಯುವ ಸಂಭವ ಹೆಚ್ಚುತ್ತಿತ್ತು. ಎರಡನ್ನೂ ತೆಗೆದರೆ ನಾನು ಹೋದದ್ದಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ.

ಎರಡನ್ನೂ ಉಳಿಸಿದೆ. ಅಣ್ಣ, ಗೌಡರು, ಅಕ್ಕ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದೆ. ಯಜಮಾನರ ಮಾತನ್ನೂ, ಗಲ್ಲೇ ಬೇಕು ಎಂಬುದನ್ನೂ, ಬೇಗ ಆಗದಿದ್ದರೆ ಮೊದಲೇ ಹೇಳಬೇಕಿತ್ತು ಎಂಬುದನ್ನೂ ಸೇರಿಸಿದೆ. "ಕುಟುಂಬ ಇವನನ್ನು ತ್ಯಜಿಸಿಲ್ಲ, ಶಿಕ್ಷೆ ಜಾರಿಯಾಯಿತೆಂದು ತಪ್ಪಾಗಿ ತಿಳಿದು ಅಂತ್ಯಕ್ರಿಯೆ ಮಾಡಿದೆ" ಎಂಬ ಒಂದು ಸಾಲು ನನ್ನದು. ಅದನ್ನು ಬರೆಯಲು ನನಗೆ ಹಕ್ಕಿದೆಯೇ ಎಂದು ಬಹಳ ಯೋಚಿಸಿದೆ. ಅಕ್ಕ ಜೈಲಿಗೆ ಹೋಗದಿದ್ದರೆ ಆ ಸಾಲಿಗೆ ಬಲವಿಲ್ಲ. ವರದಿ ಕೊಡುವ ದಿನ ಹತ್ತಿರವಾಗಿತ್ತು. ಸಾಹೇಬರ ಮುಂದೆ ಕೂತು, ಕಾಲಾವಕಾಶ ಕೋರುವ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ಸಹಿ ಹಾಕುವಾಗ, "ನಿಮ್ಮಂಥವರನ್ನು ಓದಿಸಿದ್ದೇ ತಪ್ಪು" ಎಂದು ನಕ್ಕರು. ನಾನು ನಗಲಿಲ್ಲ.

ಕೋರ್ಟು ಸ್ವಲ್ಪ ಸಮಯ ಕೊಟ್ಟಿತು. ಭಾವಿಕೇರಿಯಿಂದ ಸುದ್ದಿಯಿಲ್ಲ. ಇನ್ನೊಮ್ಮೆ ಹೋಗಿ ಕೇಳುವುದು ಒತ್ತಾಯವಾಗುತ್ತದೆ ಎಂದು ಸುಮ್ಮನಿದ್ದೆ. ಸುಮ್ಮನಿರುವುದೇ ಕಷ್ಟದ ಕೆಲಸವಾಯಿತು. ಗಡುವು ಮುಗಿಯುವ ವಾರ ಅವಳೇ ಫೋನ್ ಮಾಡಿದಳು.

"ಮಗಳ್ನ ಅದ್ರ ಅತ್ತೆ ಮನೆಗೆ ಕಳ್ಸಿಕೊಟ್ಟೆ. ಹೆರಿಗೆ ಅಲ್ಲೇ ಆಗ್ಲಿ, ಈ ಮನೆದು ಅದಕ್ಕೆ ತಾಗೂದು ಬ್ಯಾಡ ಅಂದೆ. ನೀ ಯಾವಾಗ ಬತ್ತೆ?"

ಚೊಚ್ಚಲ ಹೆರಿಗೆಯ ಮಗಳನ್ನು ತುಂಬಿದ ದಿನದಲ್ಲಿ ತವರಿನಿಂದ ಹೊರಗೆ ಕಳಿಸುವುದೆಂದರೆ ಏನು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೀಗರು ಎಂಥ ಮಾತಾಡಿದ್ದಾರು!

ಬೆಳಗಾವಿಯ ಬಸ್ಸಿನಲ್ಲಿ ಇಡೀ ದಾರಿ ಅವಳು ಕಿಟಕಿಯ ಸರಳು ಹಿಡಿದುಕೊಂಡೇ ಕೂತಿದ್ದಳು. ಅವನು ಏನೇನು ಹೇಳಿದ ಎಂದು ಕೇಳಿದಾಗ ಅಜ್ಜಿಯ ಚಾದ ಮಾತನ್ನೂ ಹೇಳಿದೆ. ಜೈಲಿನ ಭೇಟಿಯ ಕೋಣೆಯಲ್ಲಿ ನಡುವೆ ಗಾಜು, ಮಾತಾಡಲು ಫೋನು. ಅವನನ್ನು ಕರೆತಂದರು. ಇವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದಳು. ಪೇದೆ, "ಟೈಮ್ ಹೋಗ್ತದೆ ಬಾಯಿ" ಎಂದ. ತಿರುಗಿ ಎಂದು ಹೇಳುವುದು ನನ್ನ ಕೆಲಸವಾಗಿರಲಿಲ್ಲ.

ಅವಳು ಸೆರಗು ಸರಿಸಿ ತಿರುಗಿದಳು. ಫೋನು ಎತ್ತಿಕೊಂಡಳು.

"ನಾ ಸತ್ತಿಲ್ಲ, ಕಾಣು," ಎಂದಳು.

ಅವನ ಕೈಯಲ್ಲೂ ಫೋನಿತ್ತು. ಕೊಟ್ಟ ಸಮಯದ ಹೆಚ್ಚಿನ ಪಾಲು ಇಬ್ಬರೂ ನೋಡುತ್ತ ನಿಂತದ್ದೇ. ಕೊನೆಗೆ ಅವಳು ಬೈದಳು. "ಆ ಅಜ್ಜಿ ನಿಂಗೆ ಚಾ ಕೊಡ್ತಿತ್ತಂತೆ ಅಲ್ದಾ? ಹ್ಯಾಂಗೆ ಮನಸು ಬಂತು ನಿಂಗೆ?" ಅವನು ಫೋನು ಇಟ್ಟು ಹಣೆಯನ್ನು ಗಾಜಿಗೆ ಆನಿಸಿದ. ಆ ಭೇಟಿಯನ್ನು ನಡೆದಂತೆ ಬರೆದು ವರದಿಗೆ ಸೇರಿಸಿದೆ, ಬೈಗುಳವನ್ನೂ ಸೇರಿಸಿ.

ಕೆಲವು ದಿನಕ್ಕೆ ಭಾವಿಕೇರಿಯಿಂದ ಫೋನು ಬಂದಾಗ ಎತ್ತಲು ಹೆದರಿದೆ. ಹೆಣ್ಣು ಕೂಸು, ತಾಯಿ ಕೂಸು ಇಬ್ಬರೂ ಗನಾ ಅದೆ, ಏನೂ ತೊಂದರೆ ಇಲ್ಲ ಎಂದಳು ಅಕ್ಕ.

ಹೈಕೋರ್ಟು ಗಲ್ಲನ್ನು ಖಾಯಂ ಮಾಡಲಿಲ್ಲ. ಮೂವತ್ತು ವರ್ಷ ಬಿಡುಗಡೆಯಿಲ್ಲದ ಜೀವಾವಧಿ ಎಂದಿತು. ತೀರ್ಪಿನಲ್ಲಿ ನನ್ನ ವರದಿಯ ಪ್ರಸ್ತಾಪವಿತ್ತು, ಅಗಸೂರಿನ ಹೊಳೆಯ ದಂಡೆಯೂ ಇತ್ತು, ಬಿಣಗಾದ ಬಾಗಿಲೂ ಇತ್ತು. ಓದುವಾಗ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಸುದ್ದಿಯನ್ನು ಅಕ್ಕನಿಗೆ ಹೇಳಿದೆ. ಆಮೇಲೆ ಯಜಮಾನರಿಗೆ ಫೋನ್ ಮಾಡಿ, ಹುಲ್ಲಿನ ಹೆಣ, ಅಕ್ಕನ ಭೇಟಿ ಎಲ್ಲ ಸೇರಿಸಿ ತೀರ್ಪು ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನೀವು ಬರೆದದ್ದಕ್ಕೆ ಹಿಂಗಾಯ್ತು" ಎಂದರು.

"ಇರಬಹುದು."

"ನಿಮ್ಮ ಮನೆಯಲ್ಲಿ ಆಗಿದ್ರೆ ಏನ್ ಬರೀತಿದ್ರಿ?"

"ಗೊತ್ತಿಲ್ಲ," ಎಂದೆ. ಫೋನು ಇಟ್ಟರು.

ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗುತ್ತದೆ, ಗಲ್ಲನ್ನೇ ಮತ್ತೆ ಕೇಳುತ್ತದೆ ಎಂದು ವಕೀಲರಿಂದ ತಿಳಿದ ದಿನ ನಾನು ಕಾರವಾರದಿಂದ ಬಸ್ಸು ಹತ್ತಿ ಬಿಣಗಾದಲ್ಲಿ ಇಳಿದೆ. ಈ ಸಲ ವರದಿಯ ನೆಪವೂ ಇರಲಿಲ್ಲ. ಜೀಪು ಹೋಗುವ ಮೊದಲು ನಾನು ಹೋಗಬೇಕು ಎನ್ನಿಸಿತ್ತು. 

ಯಜಮಾನರು ಪಾಳಿಗೆ ಹೊರಡಲು ಬೈಕು ತೆಗೆಯುತ್ತಿದ್ದರು. ನನ್ನನ್ನು ಕಂಡವರೇ ಬೈಕು ನಿಲ್ಲಿಸಿದರು.

"ಮತ್ತೆ ಶುರುವಾಯ್ತಾ?"

ಹೌದು ಎಂದೆ. ಅವರು ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ರಸ್ತೆ ನೋಡುತ್ತ ನಿಂತರು. ಲಾರಿಗಳು ಹೋಗುತ್ತಿದ್ದವು. ಇವರು ಬೈಯುತ್ತಾರೆ, ಬೈಯಲಿ ಎಂದು ಕಾದೆ.

"ಅಂವನ ಅಕ್ಕಂಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ಬೇಗ ಹೋಗಿ," ಎಂದರು. "ಟಿವಿಯಲ್ಲಿ ಬರೂದ್ರೊಳಗೆ ಹೇಳಿ."

ಕಾರವಾರದ ಕಡೆಯಿಂದ ಅಂಕೋಲೆಗೆ ಹೋಗುವ ಬಸ್ಸು ಬರುತ್ತಿತ್ತು. ನಾನು ಕೈ ಎತ್ತುವ ಮೊದಲೇ ಅವರು ರಸ್ತೆಗೆ ಇಳಿದು ಕೈ ಅಡ್ಡ ಹಿಡಿದು ನಿಲ್ಲಿಸಿದರು.